ಫೆಲಿಕ್ಸ್ ಪೊರ್ಬುಗಳ ಗೂಡ್ಸ್ ರೈಲು

ಕರೆಂಟು ಹೋಗಬಹುದಿತ್ತು. ಹೋಗದಿದ್ದರೆ ಕಂಪ್ಯೂಟರ್ ಬಿಸಿಯಾಗಿ ನಿಲ್ಲಬಹುದಿತ್ತು. ಯಾವುದೋ ಸಿಗ್ನಲನ್ನು ನಾನು ಹಿಂದುಮುಂದಾಗಿ ನೆಟ್ಟು, ಎರಡು ರೈಲು ಮುಖಾಮುಖಿ ನಿಂತು, ಇಡೀ ಕಾರ್ಖಾನೆ ಉಪವಾಸ ಬೀಳಬಹುದಿತ್ತು. ಆಟದೊಳಗಿನ ನನ್ನ ಗೊಂಬೆಯೇ ಹಳಿ ದಾಟಲು ಹೋಗಿ ಸಾಯಬಹುದಿತ್ತು. ಹಿಂದೆ ನಾಲ್ಕು ಸಲ ಸತ್ತದ್ದುಂಟು. ತಮ್ಮನ ಮನೆಗೆ ಹೋದ ಹೆಂಡತಿ ಬೇಗ ಬಂದು, ನಲುವತ್ತೊಂಬತ್ತರ ಗಂಡನೂ ಎಪ್ಪತ್ತೊಂದರ ನೆರೆಯವರೂ ಮಟಮಟ ಮಧ್ಯಾಹ್ನ ಪರದೆಯ ಮೇಲಿನ ರೈಲಿಗೆ ಹಸಿರು ಬಾವುಟ ತೋರಿಸುವುದನ್ನು ನೋಡಬಹುದಿತ್ತು. ರೈಲು ಬಿಡುವ ದಿನ ಏನೇನು ತಪ್ಪಬಹುದೆಂದು ಇಷ್ಟನ್ನೂ ನಾನು ಚೀಟಿಯಲ್ಲಿ ಬರೆದುಕೊಂಡಿದ್ದೆ. ಪೊರ್ಬುಗಳು ಅದನ್ನು ಕನ್ನಡಕ ಏರಿಸಿ ಓದಿ, "ಇದೆಂತ ಮಾರಾಯ್ರೆ, ಮದುವೆಯ ಸಾಮಾನಿನ ಪಟ್ಟಿಯಾ?" ಎಂದಿದ್ದರು.

ಫೆಲಿಕ್ಸ್ ಪೊರ್ಬುಗಳು ಮಣ್ಣಗುಡ್ಡದ ನಮ್ಮ ಕಟ್ಟಡದ ಕೆಳಮಹಡಿಯವರು, ಗೂಡ್ಸ್ ರೈಲಿನ ನಿವೃತ್ತ ಗಾರ್ಡ್. ಅಂದರೆ ಕಟ್ಟಕಡೆಯ ಬೋಗಿಯಲ್ಲಿ ಒಬ್ಬರೇ ಕೂತು ಊರೂರು ಸುತ್ತಿದವರು. ಅದರಿಂದಲೋ ಏನೋ, ಅವರಿಗೆ ಯಾವುದರ ಮುಂಭಾಗದಲ್ಲೂ ಆಸಕ್ತಿ ಇರಲಿಲ್ಲ. ಪೇಪರನ್ನು ಕೊನೆಯ ಪುಟದಿಂದ ಓದುತ್ತಿದ್ದರು. ಯಾರಾದರೂ ಹೊಸ ಕಾರು ತಂದು ತೋರಿಸಲು ಕರೆದರೆ ನೇರ ಹಿಂದಕ್ಕೆ ಹೋಗಿ, ಡಿಕ್ಕಿಯ ಬಳಿ ನಿಂತು, "ಚಂದ ಉಂಟು" ಎನ್ನುತ್ತಿದ್ದರು.

ಅವರು ನನ್ನ ಆಟಕ್ಕೆ ಬಂದದ್ದು ನೀರಿನ ಟ್ಯಾಂಕಿನ ದೆಸೆಯಿಂದ. ಯಾರೂ ಇಲ್ಲದ ಗ್ರಹವೊಂದರಲ್ಲಿ ಅದಿರು ಅಗೆದು, ರೈಲಿನಲ್ಲಿ ತಂದು, ಕರಗಿಸಿ, ಕಾರ್ಖಾನೆ ಬೆಳೆಸುವ ಆಟ ಅದು. ನನ್ನ ಅಪ್ಪ ಕಡಲಿಗೆ ಹೋಗಿ ಬಲೆ ಎಳೆದವರು. ನಾನು ಮೌಸ್ ಎಳೆದು ಸೊಂಟ ನೋವು ತಂದುಕೊಂಡವನು. ಟ್ಯಾಂಕ್ ತುಂಬಿ ಹರಿಯುತ್ತಿದೆಯೆಂದು ಹೇಳಲು ಮೇಲೆ ಬಂದ ಪೊರ್ಬುಗಳು ಪರದೆ ಕಂಡು ಬಾಗಿಲಲ್ಲೇ ನಿಂತರು.

"ಬಾಲ ಹೊರಗೆ ಉಂಟಲ್ಲ ಮಾರಾಯ್ರೆ!"

"ಯಾವ ಬಾಲ?"

"ರೈಲಿಂದು! ಸ್ಟೇಷನ್ ಗಿಡ್ಡ, ರೈಲು ಉದ್ದ. ಬಾಲ ಕ್ರಾಸಿಂಗ್ ಮೇಲೆ ನಿಂತಿದೆ. ಕೂಳೂರು ಬ್ರಿಜ್ಜಿನಲ್ಲಿ ಲಾರಿ ಅಡ್ಡ ನಿಂತ ಹಾಗೆ. ಹಿಂದೆ ನೋಡಿ, ಎಷ್ಟು ರೈಲು ಕಾಯ್ತಾ ಉಂಟು! ಇಂಜಿನ್ ಬಂದ್ರೆ ರೈಲು ಬಂತು ಅಂತ ಅಲ್ಲ. ಬಾಲ ಬಂದ್ರೆ ಬಂತು."

ಎರಡು ವಾರದಿಂದ ನನಗೆ ಹೊಳೆಯದಿದ್ದ ರೋಗ ಅದು. ಟ್ಯಾಂಕ್ ಹರಿಯುತ್ತಲೇ ಇತ್ತು.

ಆಮೇಲೆ ಪ್ರತಿ ಶನಿವಾರ ಊಟ ಮುಗಿಸಿ ಬರುತ್ತಿದ್ದರು. ನಾನು ಹೆದರಿಕೆಯವನಾದ್ದರಿಂದ ಎರಡೆರಡು ಬೋಗಿಯ ರೈಲುಗಳನ್ನೇ ಬಿಡುತ್ತಿದ್ದೆ. ಬಿದ್ದರೂ ಸಣ್ಣದು ಬೀಳಲಿ ಎಂದು. ಅವು ಒಂದಕ್ಕೊಂದು ದಾರಿ ಬಿಡದೆ ಜಂಕ್ಷನ್ನಿನಲ್ಲಿ ಗುಂಪು ಕಟ್ಟುತ್ತಿದ್ದವು. "ಇದು ರೈಲ್ವೇ ಸ್ಟೇಷನ್ನಾ, ಕೊಟ್ಟಾರದ ರಿಕ್ಷಾ ಸ್ಟ್ಯಾಂಡಾ?" ಎಂದು ನಕ್ಕು, ಎರಡು ಇಂಜಿನ್, ಎಂಟು ಬೋಗಿಯ ಒಂದೇ ರೈಲು ಸಾಕೆಂದು ತೀರ್ಪು ಕೊಟ್ಟರು. ಉದ್ದದ ರೈಲು ಬೇಕೆಂದರೆ ಉದ್ದದ ಸ್ಟೇಷನ್, ಅದರ ಹಿಂದೆ ಕಾಯಲು ಅಷ್ಟೇ ಉದ್ದದ ಹಳಿ. ಮೂರು ಶನಿವಾರ ಒಡೆದು ಕಟ್ಟಿದೆವು.

ಎಲ್ಲ ಮುಗಿದಾಗ ಕೇಳಿದರು, "ಗಾರ್ಡಿನ ಬೋಗಿ ಎಲ್ಲಿ?"

"ಆಟದಲ್ಲಿ ಗಾರ್ಡ್ ಇಲ್ಲ ಪೊರ್ಬುಗಳೇ."

"ಇಲ್ಲದಿದ್ರೆ ಖಾಲಿ ಒಂದು ಹಾಕಿ." ಬೆರಳಿನಿಂದ ರೈಲಿನ ಬಾಲ ತೋರಿಸಿದರು. "ನಿಮಗೆ ಗೊತ್ತುಂಟಾ, ಘಾಟಿಯ ಸ್ಟೇಷನ್ನುಗಳಲ್ಲಿ ಇಂಜಿನ್ ನಿಲ್ಲುವುದು ಚಾದ ಅಂಗಡಿಯ ಎದುರು. ನಾನು ಹಿಂದೆ, ಕಾಡಿನಲ್ಲಿ. ಡ್ರೈವರ್ ಬಿಸಿ ಚಾ ಕುಡಿದು ಬೀಡಿ ಸೇದುವಾಗ ನನಗೆ ಸೊಳ್ಳೆ, ರಕ್ತ ಹೀರುವ ಇಂಬಳ. ಪ್ಲಾಟ್‌ಫಾರಂ ಉದ್ದ ಮಾಡಿ ಅಂತ ದೊಡ್ಡವರಿಗೆ ಬರೆದೆ. 'ಸರಕು ಇಳಿಸಲಿಕ್ಕೆ ಸಾಕಾಗ್ತದೆ' ಅಂತ ಉತ್ತರ ಬಂತು. ಒಮ್ಮೆಯಾದ್ರೂ ಗಾರ್ಡಿನ ಬೋಗಿ ಪ್ಲಾಟ್‌ಫಾರಮ್ಮಿನಲ್ಲಿ ನಿಲ್ಲುವುದು ನೋಡ್ಬೇಕು ನನಗೆ. ಸುಳ್ಳು ಸ್ಟೇಷನ್ನಾದ್ರೂ ಅಡ್ಡಿಯಿಲ್ಲ."

ಖಾಲಿ ಬೋಗಿಯೊಂದನ್ನು ಬಾಲಕ್ಕೆ ಸೇರಿಸಿದೆ.

ಮುಂದಿನ ಶನಿವಾರ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಬಿಳಿ ಶರಟು ತೊಟ್ಟು, ಬಾವುಟ ಹಿಡಿದು ಬಂದರು. ನಾನು ನಗಲಿಲ್ಲ, ಚೀಟಿಯನ್ನು ಇನ್ನೊಮ್ಮೆ ಓದಿದೆ. ಬಾವುಟ ಬೀಸಿದರು, ರೈಲು ಹೊರಟಿತು. ಕರೆಂಟು ಹೋಗಲಿಲ್ಲ. ಸಿಗ್ನಲ್ ಒಂದೊಂದಾಗಿ ಹಸಿರಾಯಿತು. ಗೊಂಬೆ ಬದುಕಿತ್ತು, ಹೆಂಡತಿ ಬರಲಿಲ್ಲ. ರೈಲು ನಿಧಾನವಾಗಿ ಸ್ಟೇಷನ್ ಹೊಕ್ಕು ನಿಂತಿತು. ನಾನು ಚಪ್ಪಾಳೆ ತಟ್ಟಿದೆ.

ಪೊರ್ಬುಗಳು ಪರದೆಯ ಹತ್ತಿರ ಬಾಗಿ, ಬೆರಳಿಟ್ಟು, ಬಾಲದಿಂದ ಎಣಿಸಿದರು. ಮೊದಲ ಬೋಗಿಯ ಮೇಲೆಯೇ ಬೆರಳು ನಿಂತಿತು. ಅದು ಸ್ಟೇಷನ್ನಿನ ಹೊರಗಿತ್ತು.

"ಸ್ಟೇಷನ್ ಅಳತೆ ಯಾರು ತೆಗೆದದ್ದು?"

"ನಾನೇ."

"ಅಡ್ಡಿಯಿಲ್ಲ ಬಿಡಿ," ಬಾವುಟ ಸುತ್ತಿ ಬಗಲಿಗಿಟ್ಟರು. "ನನಗೆ ಅಭ್ಯಾಸ ಉಂಟು."

"ಬರುವ ಶನಿವಾರಕ್ಕೆ ಉದ್ದ ಮಾಡಿಡ್ತೇನೆ, ಖಂಡಿತ."

"ಮಾಡಿ, ಮಾಡಿ. ಅವಸರ ಇಲ್ಲ," ಎಂದು ಮೆಟ್ಟಿಲಿಳಿದರು.

ಬುಧವಾರ ಬೆಳಿಗ್ಗೆ, ಚಾ ಕುಡಿಯುತ್ತಾ ಕೂತಲ್ಲೇ ಪೊರ್ಬುಗಳ ಹೃದಯ ನಿಂತಿತು. ಇಗರ್ಜಿಯಲ್ಲಿ ಅವರನ್ನು ಮಣ್ಣುಮಾಡಿ ಬಂದ ಮೇಲೆ ನಾನು ಮೂರು ಕುಲುಮೆ ಒಡೆದು ಸ್ಟೇಷನ್ ಉದ್ದ ಮಾಡಿದೆ. ಈಗ ಬಾಲವೂ ಒಳಗೆ ನಿಲ್ಲುತ್ತದೆ. ನೋಡುವವನು ನಾನೊಬ್ಬನೇ.

ಚೀಟಿಯಲ್ಲಿ ಬರೆದದ್ದು ಒಂದೂ ಆಗಲಿಲ್ಲ. ಆ ದಿನ ತಪ್ಪಿದ್ದು ಇಷ್ಟೇ: ಸ್ಟೇಷನ್ ಅಳೆಯುವಾಗ ನಾನು ಸರಕು ಇದ್ದ ಬೋಗಿಗಳನ್ನು ಮಾತ್ರ ಎಣಿಸಿದ್ದೆ.