ಟೀಸ್‌ಡೇಲನ ಕಾರ್ಡಿನಲ್ಲಿದ್ದ ಮುಖ

ಸೀಡರ್ ರ‍್ಯಾಪಿಡ್ಸ್ ಎಂಬ ಅಮೆರಿಕದ ಊರಿನ ಡೆಲ್ಬರ್ಟ್ ಹ್ರುಸ್ಕಾ ನೀರಿನ ನಲ್ಲಿ, ಪೈಪು ರಿಪೇರಿ ಮಾಡಿ ಬದುಕಿದವನು. ಅವನ ಒರಟು ಕೈ ಆಟಗಾರರ ಚಿತ್ರವಿರುವ ಬೇಸ್‌ಬಾಲ್ ಕಾರ್ಡ್ ಹಿಡಿದಾಗ ಮಾತ್ರ ಹಸುಗೂಸನ್ನು ಎತ್ತಿಕೊಂಡಷ್ಟು ಮೆತ್ತಗಾಗುತ್ತಿತ್ತು. ಅದರಲ್ಲೂ ರೂಕಿ ಕಾರ್ಡ್, ಎಂದರೆ ಆಟಗಾರ ದೊಡ್ಡ ತಂಡ ಸೇರಿದ ಹೊಸದರಲ್ಲಿ ಅಚ್ಚಾದದ್ದು, ಅವನಿಗೆ ಪ್ರಾಣ. ಅವನಿಗೆ ಬೇಕಾದವು ಅರವತ್ತರ ದಶಕದವು, ಬಬಲ್‌ಗಮ್ ಪೊಟ್ಟಣದಲ್ಲಿ ಬರುತ್ತಿದ್ದವು. ಆ ಕಾಲದ ಹುಡುಗರು ಅವನ್ನು ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಪಟಪಟ ಸದ್ದು ಮಾಡಿಸಿದ್ದರಿಂದ, ಮೂಲೆ ಸವೆಯದೆ ಉಳಿದ ಕಾರ್ಡು ಸಿಗುವುದೇ ಕಷ್ಟ.

ಅಂಥದ್ದೊಂದು ಅವನ ಬಳಿ ಇತ್ತು. ಅದೇ ಊರಿನಲ್ಲಿ ಹುಟ್ಟಿ ಶಿಕಾಗೋ ತಂಡಕ್ಕೆ ಚೆಂಡೆಸೆದ ಲೋವೆಲ್ ಟೀಸ್‌ಡೇಲನ ರೂಕಿ ಕಾರ್ಡ್. ಕಾರ್ಡಿನ ಸ್ಥಿತಿ ಅಳೆಯುವ ಪರೀಕ್ಷಕರು ಹತ್ತಕ್ಕೆ ಒಂಬತ್ತು ಅಂಕ ಕೊಟ್ಟು, ಅದನ್ನು ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ ಕಳಿಸಿದ್ದರು. ಡೆಲ್ಬರ್ಟ್ ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತ ಅದನ್ನೇ ನೋಡುತ್ತ ಕೂರುತ್ತಿದ್ದ.

"ಈ ಮನೇಲಿ ನನ್ ಫೋಟೋಗಿಂತ ಅವನ ಫೋಟೋನೇ ಜೋಪಾನವಾಗಿದೆ," ಎಂದು ಹೆಂಡತಿ ಆರ್ಲೀನ್ ಛೇಡಿಸಿದಳು.

"ಅವನ ಮೂಲೆ ಸವೆದಿಲ್ಲ ನೋಡು."

ಪಾತ್ರೆ ಒರೆಸುವ ಬಟ್ಟೆ ಹಾರಿ ಬಂದು ಅವನ ಮುಖಕ್ಕೆ ಬಿತ್ತು.

ಒಂದು ವಸಂತದಲ್ಲಿ ಊರಿನ ಚೆಕ್ ವಲಸಿಗರ ಸಭಾಂಗಣದಲ್ಲಿ ಕಾರ್ಡು ಸಂತೆ ನಡೆಯಿತು. ಎಂಬತ್ತು ದಾಟಿದ ಟೀಸ್‌ಡೇಲನೇ ಅತಿಥಿ. ಡೆಲ್ಬರ್ಟ್ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಆರ್ಲೀನ್ ಜೊತೆ ಹೋಗಿ ಕಾರ್ಡನ್ನು ಅವನ ಮುಂದಿಟ್ಟ. ಮುದುಕ ಕನ್ನಡಕ ಏರಿಸಿ ನೋಡಿದ. ಭುಜ ಕುಲುಕತೊಡಗಿತು. ನಕ್ಕು ನಕ್ಕು ಕೆಮ್ಮು ಬಂತು.

"ಇವನು ನಾನಲ್ಲ ಕಣಯ್ಯಾ. ತಂಡದಲ್ಲಿ ನನ್ ಜೊತೆ ರೂಮಿನಲ್ಲಿದ್ದ ಗಸ್ ಎಂಗ್ಲರ್."

"ಏನು ಹೇಳ್ತಿದ್ದೀರಿ ಯಜಮಾನ್ರೇ?"

"ಫೋಟೋದವನು ಬಂದ ದಿನ ನಂಗೆ ಹಲ್ಲುನೋವು. ಕೆನ್ನೆ ಕುಂಬಳಕಾಯಿ ಆಗಿತ್ತು. ಗಸ್ ನನ್ ಅಂಗಿ ತೊಟ್ಟು, ಟೋಪಿ ಹುಬ್ಬಿನ ತನಕ ಎಳ್ಕೊಂಡು ನಿಂತ್‌ಬಿಟ್ಟ."

"ಯಾರಿಗೂ ಹೇಳ್ಲಿಲ್ವಾ?"

"ಹೆಂಗೆ ಹೇಳ್ಲಿ? ನಮ್ಮಮ್ಮ ಆಗಲೇ ಅದನ್ನ ಫ್ರಿಜ್ಜಿಗೆ ಅಂಟಿಸಿ, ಬಂದೋರಿಗೆಲ್ಲ ನನ್ ಮಗ ನೋಡಿ ಅಂತ ತೋರಿಸ್ತಿದ್ಳು."

ಗಸ್‌ನನ್ನು ತಂಡದವರು ಫೋಟೋ ತೆಗೆದ ವಸಂತದಲ್ಲೇ ಮನೆಗೆ ಕಳಿಸಿದ್ದರು. ಒಂದು ಪಂದ್ಯವನ್ನೂ ಆಡಲಿಲ್ಲ, ಅವನ ಹೆಸರಿನ ಕಾರ್ಡೂ ಬರಲಿಲ್ಲ. ಈಗ ಡುಬ್ಯೂಕ್ ಊರಿನ ನದಿ ದಂಡೆಯಲ್ಲಿ ಮೀನು ಹಿಡಿಯುವವರಿಗೆ ಎರೆಹುಳು ಮಾರಿಕೊಂಡಿದ್ದಾನೆ ಎಂದು ಟೀಸ್‌ಡೇಲ್ ಹೇಳಿದ.

ಮನೆಗೆ ಹೊರಡಲು ವ್ಯಾನ್ ಹತ್ತಿದ ಡೆಲ್ಬರ್ಟ್ ಕೀಲಿ ತಿರುಗಿಸದೆ ಕಾರ್ಡನ್ನೇ ನೋಡುತ್ತ ಕೂತ. ಆರ್ಲೀನ್‌ಗೆ ಪಾಪ ಅನಿಸಿತು.

"ಬೇಜಾರಾಯ್ತಾ ಡೆಲ್?"

"ಬೇಜಾರಲ್ಲ. ಇಷ್ಟು ವರ್ಷ ಯಾರ ಜೊತೆ ಕಾಫಿ ಕುಡಿದೆ ಅಂತ ಒಂದ್ಸಲ ನೋಡ್ಬೇಕು."

ಮುಂದಿನ ಶನಿವಾರವೇ ಇಬ್ಬರೂ ಡುಬ್ಯೂಕ್‌ಗೆ ಹೊರಟರು. ಅಂಗಡಿಯಲ್ಲಿ ಗಸ್ ಡಬ್ಬಿಗಳಿಗೆ ಹುಳು ತುಂಬುತ್ತಿದ್ದ. ಕಾರ್ಡು ಕಂಡದ್ದೇ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಇದು ಅಚ್ಚಾಗಿದ್ದು ನಂಗೆ ಗೊತ್ತಿತ್ತು," ಎಂದ. "ಆಟ ಬಿಟ್ಟು ಬಂದೋನಿಗೆ ಆ ಪೊಟ್ಟಣ ಬಿಚ್ಚೋಕೆ ಮನಸ್ಸೇ ಬರ್ಲಿಲ್ಲ." ಅವನ ಬೆರಳು ಪ್ಲಾಸ್ಟಿಕ್ಕಿನ ಮೇಲೆ ಆ ಎಳೆಯ ಮುಖವನ್ನು ತಡಕುತ್ತಿತ್ತು.

ಡೆಲ್ಬರ್ಟ್ ಹೊರಗೆ ಹೋಗಿ ವ್ಯಾನಿನಿಂದ ಇಕ್ಕಳ ತಂದ.

"ಡೆಲ್, ಒಡೆದ್ರೆ ಆ ಒಂಬತ್ತು ಅಂಕ ಹೋಗತ್ತೆ," ಎಂದಳು ಆರ್ಲೀನ್.

"ಹೋಗ್ಲಿ ಬಿಡು."

ಪ್ಲಾಸ್ಟಿಕ್ ಚಟ್ಟೆಂದು ಒಡೆಯಿತು. ಗಸ್ ಕಾರ್ಡನ್ನು ಅಂಗೈಲಿಟ್ಟುಕೊಂಡು ಮೂಸಿದ. ಡೆಲ್ಬರ್ಟ್ ಪೆನ್ನು ಚಾಚಿದ.

"ಸೈನ್ ಮಾಡಿ. ನಿಮ್ ಹೆಸರೇ."

"ಕಾರ್ಡು ಹಾಳಾಗತ್ತಲ್ಲಪ್ಪಾ."

"ಮುಖ ನಿಮ್ದು. ಹೆಸರೂ ಇರ್ಲಿ."

ಗಸ್ ನಿಧಾನವಾಗಿ ಹೆಸರು ಬರೆದ. ಮೂಲೆಯಲ್ಲಿ ಹೆಬ್ಬೆಟ್ಟಿನ ಮಣ್ಣೂ ಅಂಟಿತು. ಡೆಲ್ಬರ್ಟ್ ಅದನ್ನು ಒರೆಸಲು ಹೋಗಲಿಲ್ಲ. ಹಿಂದಿನ ದಿನದ ತನಕ ತನ್ನ ಕಾರ್ಡುಗಳ ಹತ್ತಿರ ಯಾರೂ ಸೀನದಂತೆ ಕಾಯುತ್ತಿದ್ದ ಮನುಷ್ಯ ಅವನು.

ಆಮೇಲೆ ಗಸ್‌ನ ಹೆಂಡತಿ ಅವರನ್ನು ಹೋಗಗೊಡಲಿಲ್ಲ. ಜೋಳದ ಹಿಟ್ಟು ಹಚ್ಚಿ ಕರಿದ ನದಿ ಮೀನು ಬಡಿಸಿದಳು. ಊಟದ ಮಧ್ಯೆ ಡೆಲ್ಬರ್ಟ್ ಫೋನು ಹಚ್ಚಿ ಟೀಸ್‌ಡೇಲನನ್ನು ಹಿಡಿದು ಗಸ್‌ನ ಕೈಗೆ ಕೊಟ್ಟ.

"ಲೋವೆಲ್, ಕಳ್ಳ ನನ್ಮಗನೇ, ಹೆಂಗಿದ್ದೀಯೋ?" ಎಂದ ಗಸ್. ಅತ್ತಲಿಂದ ಬಂದ ನಗು ಮೇಜಿನವರಿಗೆಲ್ಲ ಕೇಳಿಸಿತು. ಮೀನು ಆರಿ ತಣ್ಣಗಾಗುವ ತನಕ ಆ ಮುದುಕರ ಮಾತು ಮುಗಿಯಲಿಲ್ಲ.