ಇಳಕಲ್ಲಿನಲ್ಲಿ ಬಿಗಿದ ಚೆಂಡು

ನಮ್ಮ ಕಾಲೇಜು ತಂಡದ ನಾಯಕನ ಹಣೆ ಒಡೆಯಬೇಕು ಎಂದು ನಾನು ನಿರ್ಧರಿಸಿದ್ದು ಬಾದಾಮಿಯಲ್ಲಿ, ಹೊಟ್ಟೆ ತುಂಬ ಉಂಡು, ತಲೆ ನೆಟ್ಟಗಿದ್ದಾಗಲೇ. ಹುಡುಗುತನದ ಸಿಟ್ಟು ಎಂದು ಯಾರೂ ಸಮಾಧಾನ ಹೇಳಬೇಡಿ. ಮುಪ್ಪು ಬಂದರೂ ಅದು ಆರಿಲ್ಲ.

ಆಗ ಮೊದಲನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನಮ್ಮ ಕಡೆ ಕಾಲೇಜು ಇರಲಿಲ್ಲ, ಓದುವವರು ಪುಣೆಗೆ ಹೋಗಬೇಕು. ಆ ವರ್ಷ ಬೇಸಿಗೆ ರಜೆಯಲ್ಲಿ ಅಲ್ಲಿ ಓದುತ್ತಿದ್ದ ನಮ್ಮ ಭಾಗದ ಹುಡುಗರೆಲ್ಲ ಸೇರಿ ಕಾಲೇಜಿನ ಹೆಸರಿನಲ್ಲೇ ಫುಟ್‌ಬಾಲ್ ತಂಡ ಕಟ್ಟಿದರು. ಬಾಗಲಕೋಟೆ, ಬಾದಾಮಿ, ಹುನಗುಂದ, ಕಡೆಗೆ ಇಳಕಲ್. ನಾಲ್ಕೂರು, ನಾಲ್ಕು ಪಂದ್ಯ. ನಾಯಕ ಬಾಗಲಕೋಟೆಯ ವಕೀಲರ ಮಗ. ಎತ್ತರದ ಆಳು. ಬಂದ ಚೆಂಡನ್ನು ತಲೆಯಿಂದಲೇ ಗೋಲಿಗೆ ಹೊಡೆಯುವುದು ಅವನ ಹೆಚ್ಚುಗಾರಿಕೆ, ಜನ ಅದನ್ನು ನೋಡಲಿಕ್ಕೇ ಬರುತ್ತಿದ್ದರು.

ನಾನು ಇಳಕಲ್ಲಿನ ನೇಕಾರರ ಮಗ, ತಂಡದ ಹನ್ನೆರಡನೆಯವ. ಓಟದಲ್ಲಿ ಅವರಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಆದರೆ ನನಗೆ ಕೊಟ್ಟ ಕೆಲಸ ಚೆಂಡು ಬಿಗಿಯುವುದು. ರಬ್ಬರ್ ಚೀಲಕ್ಕೆ ಬಾಯಿಂದ ಗಾಳಿ ತುಂಬಿ, ತೊಗಲಿನೊಳಗೆ ತುರುಕಿ, ತೊಗಲಿನ ಸೀಳಿಗೆ ಬಾರು ಹೊಲಿದು ಗಂಟು ಹಾಕಬೇಕು. ಗಂಟು ಉಬ್ಬಿ ನಿಂತರೆ ತಲೆ ಕೊಟ್ಟವನ ಹಣೆ ಹರಿಯುತ್ತದೆ. ನನ್ನ ಗಂಟು ಬೆರಳಿಗೂ ಸಿಗುತ್ತಿರಲಿಲ್ಲ. ಇಳಕಲ್ ಸೀರೆಯ ಮೈಗೂ ಸೆರಗಿಗೂ ಹಾಸು, ಎಂದರೆ ಉದ್ದದ ನೂಲು, ಬೇರೆ ಬೇರೆ. ಅವುಗಳ ಒಂದೊಂದೇ ಎಳೆಯನ್ನು ಕೊಂಡಿ ಹಾಕಿ ಕೂಡಿಸಬೇಕು. ಎಂಟನೆಯ ವಯಸ್ಸಿನಿಂದ ಅಪ್ಪ ನನಗೆ ಅದನ್ನೇ ಕಲಿಸಿದ್ದರು.

ಬಾದಾಮಿಯಲ್ಲಿ ನಮ್ಮವನೊಬ್ಬ ವಾಂತಿ ಮಾಡಿಕೊಂಡು ಮಲಗಿದ. ನಾನು ಅಂಗಿ ತೆಗೆದು ಎದ್ದು ನಿಂತೆ.

"ಎಲ್ಲಿಗಿ ಹೊಂಟೀಲೇ? ಕೂಡು" ಅಂದ ನಾಯಕ. "ಮಗ್ಗದ ಕುಣ್ಯಾಗ ಕುಂತ ಕಾಲು ನಿಮ್ಮವು. ಓಡೂ ಕೆಲಸ ಅಲ್ಲ."

ಹತ್ತು ಮಂದಿಯೇ ಆಡಿದರು. ಸೋತರು. ನನ್ನನ್ನು ಆಡಿಸುವುದಕ್ಕಿಂತ ಸೋಲುವುದೇ ಅವನಿಗೆ ವಾಸಿ ಎನಿಸಿತ್ತು. ಸಂಜೆ ಹೆಗಲ ಮೇಲೆ ಕೈ ಹಾಕಿ, "ಸಿಟ್ಟಾಗಬ್ಯಾಡೋ, ಇಳಕಲ್ಲಿನಾಗ ನಿನ್ನ ಖರೆ ಆಡಸ್ತೇನಿ" ಎಂದ. ನಾನು ನಕ್ಕೆ. ಆಡಿಸಿದರೆ ಸರಿ, ಇಲ್ಲದಿದ್ದರೆ ಅವನ ಹಣೆ ನನ್ನದು ಎಂದು ಒಳಗೇ ಹೇಳಿಕೊಂಡೆ. ಮಗ ಆಡುತ್ತಾನೆ ಎಂದು ಅಪ್ಪನಿಗೆ ಕಾಗದವನ್ನೂ ಹಾಕಿದೆ.

ಹುನಗುಂದದಲ್ಲಿ ಗೆದ್ದೆವು. ಇಳಕಲ್ ಪಂದ್ಯ ಅಮಾವಾಸ್ಯೆಯ ದಿನ ಬಿತ್ತು. ಅಂದು ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ. ಹಾಗಾಗಿ ಓಣಿಗೆ ಓಣಿಯೇ ಮೈದಾನಕ್ಕೆ ಬಂದಿತ್ತು. ಅಪ್ಪ ಇಸ್ತ್ರಿಯ ರುಮಾಲು ಸುತ್ತಿಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದರು. ನಾಯಕ ಹನ್ನೊಂದು ಹೆಸರು ಕರೆದ. ನನ್ನದು ಇರಲಿಲ್ಲ. ಖಾಲಿ ತೊಗಲನ್ನು ನನ್ನ ತೊಡೆಯ ಮೇಲೆ ಒಗೆದು, "ಲಗೂ ಕಟ್ಟು" ಎಂದ.

ಕಟ್ಟಿದೆ. ಬಾರನ್ನು ಎರಡು ಸುತ್ತು ಹೆಚ್ಚಿಗೆ ತಿರುವಿ, ಹುಣಸೆ ಬೀಜದಷ್ಟು ದಪ್ಪ ಗಂಟನ್ನು ಮೇಲೆಯೇ ಬಿಟ್ಟೆ. ಅದರ ತುದಿಯನ್ನು ಹಲ್ಲಿನಿಂದ ಜಗ್ಗಿ ಬಿರುಸು ಮಾಡಿದೆ. ಅಷ್ಟು ಸುಖ ನನಗೆ ಯಾವ ಗೋಲಿನಿಂದಲೂ ಸಿಕ್ಕಿರಲಿಲ್ಲ.

ತಲೆಯೆತ್ತಿದರೆ ಅಪ್ಪ ನಿಂತಿದ್ದರು. ಮಗ ಯಾಕೆ ಕುಳಿತಿದ್ದಾನೆ ಎಂದು ಕೇಳಲು ಬಂದವರು ಅದನ್ನು ಮರೆತು ಗಂಟನ್ನೇ ನೋಡುತ್ತಿದ್ದರು.

"ಇದೇನ್ ಗಂಟೋ?"

"ಇರ್ಲಿ ಬಿಡಪ್ಪಾ. ಚೆಂಡಿಗೆ ಇಷ್ಟು ಸಾಕು."

"ಏನ್ ಸಾಕು? ಕೊಡಿಲ್ಲೆ." ಓಣಿಯವರೆಲ್ಲ ನೋಡುತ್ತಿದ್ದರು. ಕೆಟ್ಟ ಕೂಡಿಕೆ ಕಣ್ಣಿಗೆ ಬಿದ್ದರೆ ಬಿಚ್ಚದೆ ಬಿಡುವ ನೇಕಾರರೇ ಅಲ್ಲ ಅವರು. ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕುಳಿತು, ಉಗುರಿನಿಂದ ಗಂಟು ಬಿಡಿಸಿ, ಬಾರು ಮತ್ತೆ ಹೊಲಿದು, ತುದಿಯನ್ನು ಒಳಗೆ ಸರಿಸಿ, ಅಂಗೈಯಿಂದ ಸವರಿ ನೋಡಿದರು. ಆ ಗಂಟು ಯಾಕೆ ಎಂದು ಅವರಿಗೆ ಗೊತ್ತಾಗಲೇ ಇಲ್ಲ. ಅವರು ಚೆಂಡನ್ನು ತಾವೇ ನಾಯಕನ ಕೈಗೆ ಕೊಟ್ಟು, "ಹುಡುಗ ತಪ್ಪು ಮಾಡಿದ್ದನ್ರಿ, ಮನಸಿಗೆ ಹಚ್ಚಿಕೋಬ್ಯಾಡ್ರಿ" ಎಂದರು. ಕ್ಷಮೆ ಕೇಳಿದರು! ನನ್ನ ಅಪ್ಪ, ಅವನ ಹತ್ತಿರ!

ಅದೇ ಚೆಂಡನ್ನು ಅವನು ತಲೆಯಿಂದ ಎರಡು ಸಲ ನಮ್ಮೂರ ಗೋಲಿಗೆ ಹೊಡೆದ. ಹಣೆಯ ಮೇಲೆ ಒಂದು ಗೆರೆ ಮೂಡಲಿಲ್ಲ. ಆಟ ಮುಗಿದ ಮೇಲೆ ಅಪ್ಪನಿಗೆ ಕೈಮುಗಿದು, "ಮಗನಕಿಂತ ನಿಮ್ಮ ಕೈ ಭಾಳ ಪಾಡ್ರಿ" ಅಂದ. ಅಪ್ಪ ನಾಚಿ ನೆಲ ನೋಡಿದರು.

ಮರುದಿನ ಮಗ್ಗದಲ್ಲಿ ಹೊಸ ಸೆರಗು ಕೂಡಿಸುವುದಿತ್ತು. ನಾನು ಎಂದಿನಂತೆ ಹೋಗಿ ಕುಳಿತು ಎಳೆ ಹಿಡಿದೆ. ಅಪ್ಪ ಮೆಲ್ಲಗೆ ನನ್ನ ಬೆರಳು ಬಿಡಿಸಿದರು. "ಬ್ಯಾಡ. ನಿನ್ನೆ ಆ ಗಂಟು ನೋಡಿದೆ, ನಿನ್ನ ಕೈ ಕೆಟ್ಟೈತಿ. ನೀ ಓದಕೋ ಹೋಗು" ಎಂದು ಪಕ್ಕದ ಮನೆಯವನನ್ನು ಕೂಗಿ ಕರೆದರು. ಬದುಕಿರುವವರೆಗೂ ನನಗೆ ಮತ್ತೆ ಎಳೆ ಮುಟ್ಟಲು ಕೊಡಲಿಲ್ಲ. ಬಾದಾಮಿಯ ಮಾತನ್ನು ನಾನು ಬಿಟ್ಟೇನು, ಆ ಎರಡು ಗೋಲನ್ನೂ ಬಿಟ್ಟೇನು. ಇದಕ್ಕೆ ಮಾತ್ರ ಆ ನಾಯಕನನ್ನು ಇವತ್ತಿಗೂ ಬಿಟ್ಟಿಲ್ಲ.