ಗದ್ದದ ಕೆಳಗಿನ ಜಗಳ

ನನ್ನ ಗದ್ದದ ಕೆಳಗೆ, ಕುತ್ತಿಗೆ ಶುರುವಾಗುವ ಕಡೆ, ಕೂದಲು ಬೆಳೆಯುತ್ತದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಹೇಳಿಬಿಟ್ಟೆ. ಐವತ್ತು ದಾಟಿದ ಅದೆಷ್ಟೋ ಹೆಂಗಸರಿಗೆ ಬೆಳೆಯುತ್ತದೆ, ಯಾರೂ ಬಾಯಿ ಬಿಡುವುದಿಲ್ಲ ಅಷ್ಟೆ. ಎದುರು ನಿಂತವರಿಗೆ ಅದು ಕಾಣುವುದಿಲ್ಲ, ಕನ್ನಡಿಗೂ ಸರಿಯಾಗಿ ಸಿಗುವುದಿಲ್ಲ. ಚೆನ್ನಾಗಿ ಕಾಣುವುದು ಮಡಿಲಲ್ಲಿ ಮಲಗಿ ಮೇಲಕ್ಕೆ ನೋಡುವವರಿಗೆ ಮಾತ್ರ. ಚೆನ್ನೈನ ವೇಲಚೇರಿಯ ನಮ್ಮ ಫ್ಲ್ಯಾಟಿನಲ್ಲಿ ಆ ಅಧಿಕಾರ ಇರುವುದು ಮೂರು ವರ್ಷದ ಮೊಮ್ಮಗಳು ಮಿನ್ನಿಗೆ.

ಒಂದು ಸಂಜೆ, ಮನೆ ತುಂಬ ನೆಂಟರಿರುವಾಗ, ಅವಳು ಹಾಗೆ ಮಲಗಿದ್ದವಳು ಬೆರಳೆತ್ತಿ ಮುಟ್ಟಿ, "ಅಜ್ಜಿಕ್ಕು ತಾಡಿ ಇರುಕ್ಕು!" ಎಂದು ಕೂಗಿದಳು. ಅಜ್ಜಿಗೆ ಗಡ್ಡವಂತೆ! ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲಿ ಉತ್ತರಿಸುವ ಮಗು ಇದನ್ನು ಕೇಳದೆಯೇ ಹೇಳಿತು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನನ್ನ ಗಂಡ. ಅವರ ಮೀಸೆಯಲ್ಲಿ ಕಾಫಿಯ ನೊರೆ ಕೂತಿದ್ದರೂ ನಮ್ಮ ಹೋಟೆಲಿನ ಗಿರಾಕಿಗಳು ಅದನ್ನು ಗಾಂಭೀರ್ಯ ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯಿತು. ಅಂದಿನಿಂದ ಮಿನ್ನಿ ಮಡಿಲಿಗೆ ಬಂದರೆ ಸಾಕು, ಕಾಲು ನೋವು ಎಂದು ಏಳತೊಡಗಿದೆ.

ಉಪದೇಶಕ್ಕೇನೂ ಬರವಿರಲಿಲ್ಲ. ಎದುರುಮನೆಯಾಕೆ ಕಸ್ತೂರಿ ಅರಿಶಿನ ತಂದುಕೊಟ್ಟಳು. ಹುಬ್ಬು ತಿದ್ದಿಸಲು ಹೋದರೆ ಪಾರ್ಲರಿನ ಹುಡುಗಿ ಗದ್ದ ಹಿಡಿದೆತ್ತಿ "ಅಯ್ಯೋ ಆಂಟಿ!" ಎಂದಳು. ನನ್ನ ಗದ್ದವೇನು ಕೋಯಂಬೇಡು ಮಾರ್ಕೆಟ್ಟಿನ ಬದನೆಕಾಯಿಯೇ, ಬಂದವರೆಲ್ಲ ತಿರುವಿ ನೋಡಲು? ಹಳಗನ್ನಡದ ಕವಿಗಳು ಹೆಣ್ಣಿನ ಹೊಟ್ಟೆಯ ಮೇಲಿನ ಕೂದಲಿನ ಗೆರೆಗೆ 'ಬಾಸೆ' ಎಂದು ಚೆಂದದ ಹೆಸರಿಟ್ಟು ಮನಸಾರೆ ಹೊಗಳಿದ್ದಾರೆ. ಅಲ್ಲಿಂದ ಒಂದು ಮೊಳ ಮೇಲೆ ಬೆಳೆದದ್ದಕ್ಕೆ ಮಾತ್ರ ಯಾವ ಪುಣ್ಯಾತ್ಮನೂ ಒಂದು ಸಾಲು ಖರ್ಚು ಮಾಡಿದಂತಿಲ್ಲ.

ಕೊನೆಗೆ ಆನ್‌ಲೈನಿನಲ್ಲಿ ಎಲೆಕ್ಟ್ರಾಲಿಸಿಸ್ ಯಂತ್ರ ತರಿಸಿದೆ. ಕೂದಲಿನ ಬುಡಕ್ಕೆ ಸಣ್ಣ ಸೂಜಿ ಇಳಿಸಿ ಕರೆಂಟು ಹಾಯಿಸಿದರೆ ಬೇರು ಸಾಯುತ್ತದೆ. ಒಂದೊಂದು ಕೂದಲಿಗೂ ಪ್ರತ್ಯೇಕ ಅಂತ್ಯಕ್ರಿಯೆ. ಪೆಟ್ಟಿಗೆಯ ಮೇಲಿನ ಸುಂದರಿ ನಗುನಗುತ್ತ ಮೊಣಕಾಲಿಗೆ ಸೂಜಿ ಹಿಡಿದಿದ್ದಳು. ಮೊಣಕಾಲು ಯಾರಿಗೆ ಬೇಕಮ್ಮ! ಗದ್ದದ ಕೆಳಗಾದರೆ ಒಂದು ಕೈಗೆ ಸೂಜಿ, ಒಂದಕ್ಕೆ ಕರೆಂಟು ಹರಿಯಲು ಒದ್ದೆ ಮಾಡಿ ಹಿಡಿಯುವ ಲೋಹದ ಕಡ್ಡಿ, ಒಂದಕ್ಕೆ ಚಿಮುಟ, ಇನ್ನೊಂದಕ್ಕೆ ಕನ್ನಡಿ. ನಮ್ಮ ಶಿಲ್ಪಿಗಳು ನಾಲ್ಕು ಕೈಗಳನ್ನು ದೇವಿಯರಿಗೆ ಕೊಟ್ಟು, ಅವರ ಗದ್ದವನ್ನೂ ನುಣ್ಣಗೆ ಕಡೆದಿಟ್ಟಿದ್ದಾರೆ. ನನ್ನ ಸೂಜಿಯೋ, ಕನ್ನಡಿ ನೋಡಿ ಹಿಂದಕ್ಕೆ ಸರಿಸಿದರೆ ಮುಂದಕ್ಕೆ ಹೋಗುತ್ತಿತ್ತು. ಕೂದಲು ನೆಟ್ಟಗೆ ನಿಂತಿತ್ತು, ಪಕ್ಕದ ಚರ್ಮ ಸುಟ್ಟಿತ್ತು.

ಬೇರೆ ದಾರಿ ಕಾಣದೆ ಒಂದು ಮಧ್ಯಾಹ್ನ ಗಂಡನನ್ನೇ ಕರೆದೆ. ಅವರು ಟಾರ್ಚು ಹಿಡಿದು ಬಂದು, ಬಗ್ಗಿ, ಬಹಳ ಹೊತ್ತು ಹುಡುಕಿದರು.

"ಅಲ್ಲಾಡ್ಬೇಡ ಮಾರಾಯ್ತಿ. ಇಲ್ಲಿ ಎಂತದೂ ಕಾಣುದಿಲ್ಲ."

"ಕಾಣದ್ದಕ್ಕೆ ಅವತ್ತು ಅಷ್ಟು ನಗಾಡಿದ್ದಾ ನೀವು?"

ಅವರು ಟಾರ್ಚು ಆರಿಸಿ ಕುರ್ಚಿಯಲ್ಲಿ ಕೂತರು. ಅಷ್ಟರಲ್ಲಿ ಮಿನ್ನಿ ನಿದ್ದೆಗಣ್ಣಿನಲ್ಲಿ ಎದ್ದು ಬಂದಳು. ನನ್ನ ಕಡೆಗೇ ಬಂದವಳು ನಡುವೆ ನಿಂತು, "ಅಜ್ಜಿಕ್ಕು ಕಾಲ್ ವಲಿಕ್ಕುದು" ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡಳು. ಅಜ್ಜಿಗೆ ಕಾಲು ನೋವಲ್ಲವೇ! ಆಮೇಲೆ ತಿರುಗಿ ಅಜ್ಜನ ಮಡಿಲು ಹತ್ತಿ, ಮೀಸೆಯ ತುದಿ ಹಿಡಿದು ಕೂತಳು.

ನನ್ನ ಸಿಟ್ಟು ನೆತ್ತಿಗೇರಿತು. ಮುಖದ ತುಂಬ ಕೂದಲಿರುವವರಿಗೆ ಮಗು, ನಾಲ್ಕೇ ನಾಲ್ಕು ಇರುವ ನನಗೆ ಸೂಜಿ; ಇದು ಯಾವ ಸೀಮೆಯ ನ್ಯಾಯ? ಯಂತ್ರ ಆರಿಸಿ, ಅವಳನ್ನು ಎಳೆದು ಮಡಿಲಿಗೆ ಹಾಕಿಕೊಂಡು ಗದ್ದ ಎತ್ತಿದೆ.

"ಅಜ್ಜಿ ಕಾಲು ಸರಿಯಾಯ್ತು. ನೋಡು, ಎಷ್ಟು ಬೇಕಾದ್ರೂ ನೋಡು!"

ಅವಳು ನೋಡಲೇ ಇಲ್ಲ. ಹೆಬ್ಬೆರಳು ಬಾಯಿಗಿಟ್ಟು, ಮಗ್ಗುಲಾಗಿ, ನನ್ನ ಹೊಟ್ಟೆಗೆ ಮುಖ ಒತ್ತಿ ಮತ್ತೆ ನಿದ್ದೆಹೋದಳು. ಇಷ್ಟಕ್ಕಾಗಿ ಕುತ್ತಿಗೆ ಸುಟ್ಟುಕೊಂಡೆನೇ ಎಂದು ಯಾರನ್ನಾದರೂ ಚೆನ್ನಾಗಿ ಬೈಯಬೇಕೆನಿಸಿತು. ಮಗು ಎದ್ದೀತೆಂದು ಬಾಯಿ ಮುಚ್ಚಿಕೊಂಡು ಕೂತೆ.